ಅಕ್ಕನ ಕೈಯ ಉಪ್ಪು

ಬಸ್ ಡಿಪೋದ ಕ್ಯಾಂಟೀನಿನಲ್ಲಿ ದಿನಕ್ಕೆ ನಾನೂರು ಜನ ಉಣ್ಣುತ್ತಾರೆ. ಡ್ರೈವರುಗಳು, ಕಂಡಕ್ಟರುಗಳು, ಮೊಣಕೈವರೆಗೆ ಗ್ರೀಸು ಬಳಿದುಕೊಂಡ ಮೆಕ್ಯಾನಿಕ್ಕುಗಳು. ಡ್ಯೂಟಿ ಪಟ್ಟಿಯಿಂದ ಹಿಡಿದು ಕಿಟಕಿ ತೆರೆಯುವ ವಿಷಯದವರೆಗೆ ಎಲ್ಲಕ್ಕೂ ಜಗಳವಾಡುವ ಈ ಜನ ಒಪ್ಪುವ ಮಾತು ಒಂದೇ: ಅಡುಗೆಯಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚಿಲ್ಲ, ಒಂದು ಚಿಟಿಕೆ ಕಡಿಮೆಯಿಲ್ಲ. ಹಾಗಾಗಿ ಅಡುಗೆಯವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದು, ಎಲ್ಲರ ಬಾಯಲ್ಲೂ ಅವನು ಹದಣ್ಣನಾದ. ಅವನಿಗಿಂತ ಐದು ವರ್ಷ ದೊಡ್ಡವನಾದ ಮ್ಯಾನೇಜರೂ ಹದಣ್ಣ ಎಂದೇ ಕರೆಯುತ್ತಾನೆ.

ಈ ಹದಣ್ಣ ತಾನು ಮಾಡಿದ್ದನ್ನು ತಾನೇ ಉಣ್ಣುವುದಿಲ್ಲ. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಸ್ಟೋರ್‌ರೂಮಿನಲ್ಲಿ ಅಕ್ಕಿಮೂಟೆಯ ಪಕ್ಕ ಕೂತು ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಾನೆ. ಹೊಸದಾಗಿ ಸೇರಿದವರಿಗೆ ಇದು ಅನುಮಾನ ಹುಟ್ಟಿಸುತ್ತದೆ.

"ಮಾಡಿದವನೇ ತಿನ್ನಲ್ಲ ಅಂದ್ರೆ ಏನೋ ಇದೆ ಕಣ್ರೀ."

"ಅವನ ಹೊಟ್ಟೇಲಿ ಅವರಕ್ಕ ಇದಾಳೆ. ಸುಮ್ನೆ ಉಣ್ಣು," ಎಂದು ಹಳಬರು ಬಾಯಿ ಮುಚ್ಚಿಸುತ್ತಾರೆ.

ಮಾತು ಒರಟಾದರೂ ಸುಳ್ಳಲ್ಲ. ಹದಣ್ಣನಿಗೆ ಮೂವತ್ತೆಂಟು ತುಂಬುವಷ್ಟರಲ್ಲಿ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ದಿನಕ್ಕೆ ಇಷ್ಟೇ ಲೋಟ ನೀರು ಎಂದು ಅಳೆದು ಕುಡಿಯಬೇಕು. ದೊಡ್ಡ ದೊಡ್ಡ ಹಂಡೆಗಳಲ್ಲಿ ನೀರು ಕಾಯಿಸುವವನು ಒಂದು ಗುಟುಕಿಗೆ ಬಾಯಿಬಿಟ್ಟುಕೊಂಡು ಒಂದೂವರೆ ವರ್ಷ ಕಳೆದ. ಆಗ ಮುಂದೆ ಬಂದವಳು ಅಕ್ಕ. ಅವನಿಗಿಂತ ಏಳು ವರ್ಷ ದೊಡ್ಡವಳು, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು, ಮದುವೆಯ ಗೋಜಿಗೆ ಹೋಗದೆ ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡವಳು. ಪರೀಕ್ಷೆಗಳೆಲ್ಲ ಹೊಂದಿ ಬಂದಾಗ ಅವಳು ಮಿಷನ್ ತುಳಿಯುವುದನ್ನೂ ನಿಲ್ಲಿಸದೆ ಹೇಳಿದ್ದು ಇಷ್ಟು:

"ಎರಡಿದ್ರೆ ಒಂದು ಕೊಡೋದಕ್ಕೇನು? ಚಿಕ್ಕವನಿದ್ದಾಗ ನನ್ನ ಪೆನ್ಸಿಲ್ ಕೊಟ್ಟಿರಲಿಲ್ವಾ? ಅದನ್ನ ಮಾರನೇ ದಿನವೇ ಕಳ್ಕೊಂಡು ಬಂದೆ. ಇದನ್ನ ಕಳ್ಕೊಂಡು ಬರಬೇಡ."

ಆ ಮಾತು ಅವನ ಮನಸ್ಸಿನಲ್ಲಿ ಕಲ್ಲಿನಲ್ಲಿ ಕೆತ್ತಿದ ಹಾಗೆ ಕೂತುಬಿಟ್ಟಿತು.

ಕಿಡ್ನಿ ಹಾಕಿಸಿಕೊಂಡರೆ ಮುಗಿಯಿತು, ಇನ್ನು ಬೇಕಾದ್ದು ತಿಂದುಕೊಂಡಿರಬಹುದು ಎಂದು ಜನ ತಿಳಿಯುತ್ತಾರೆ. ಎಲ್ಲಿ ಬಂತು! ಕೆಲಸ ಶುರುವಾಗುವುದೇ ಅಲ್ಲಿಂದ. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಮಾತ್ರೆ; ಮಗಳ ಮದುವೆಯ ದಿನವೂ ಒಂದು ನಿಮಿಷ ಆಚೀಚೆ ಆಗಲಿಲ್ಲ. ಕುದಿಸಿದ ನೀರು, ತೊಳೆದು ಸಿಪ್ಪೆ ಸುಲಿದ ಹಣ್ಣು, ಪೂರ್ತಿ ಬೆಂದ ಮೊಟ್ಟೆ. ಚಕೋತ ಹಣ್ಣಿನ ಹತ್ತಿರ ಸುಳಿಯುವಂತಿಲ್ಲ, ಅದು ಮಾತ್ರೆಯ ಲೆಕ್ಕ ಕೆಡಿಸುತ್ತದೆ. ಆ ಮಾತ್ರೆಗಳೋ, ಹಸಿವನ್ನು ಕೆರಳಿಸುವುದರಲ್ಲಿ ಎತ್ತಿದ ಕೈ. ತೂಕ, ಸಕ್ಕರೆ, ಬಿ.ಪಿ. ಮೂರನ್ನೂ ಕಾಯಬೇಕು. ಅದಕ್ಕೆ ದಿನಾ ಡಿಪೋದ ಕಾಂಪೌಂಡಿಗೆ ಹತ್ತು ಸುತ್ತು ನಡೆಯುತ್ತಾನೆ, ಬಿಸಿಲು ತಾಗಬಾರದೆಂದು ತಲೆಗೆ ಅಗಲ ಅಂಚಿನ ಟೋಪಿ ಹಾಕಿಕೊಂಡು. ಟೋಪಿ ನೋಡಿ ಡ್ರೈವರುಗಳು ಹಾರ್ನ್ ಹೊಡೆದು ಸಲಾಮು ಮಾಡುತ್ತಾರೆ.

ಇನ್ನು ಉಪ್ಪು. ದಿನದ ಉಪ್ಪನ್ನು ಹೆಂಡತಿ ಬೆಳಿಗ್ಗೆಯೇ ಚಮಚದಲ್ಲಿ ಅಳೆದು ಪುಟ್ಟ ಡಬ್ಬಿಯ ಮುಚ್ಚಳಕ್ಕೆ ಹಾಕಿಡುತ್ತಾಳೆ. ಅದು ಮುಗಿದರೆ ಆ ದಿನದ್ದು ಮುಗಿಯಿತು. ಕ್ಯಾಂಟೀನಿನಲ್ಲಿ ರುಚಿ ನೋಡಲೇಬೇಕಲ್ಲ, ಅದಕ್ಕೂ ದಾರಿ ಮಾಡಿಕೊಂಡ: ಒಂದು ಹನಿ ನಾಲಿಗೆಯ ಮೇಲೆ, ಎಣಿಸಿ ಮೂರು ಕ್ಷಣ, ಆಮೇಲೆ ಸಿಂಕಿಗೆ ಹೋಗಿ ಉಗಿದು ಬಾಯಿ ಮುಕ್ಕಳಿಸುವುದು. ವಿಚಿತ್ರವೆಂದರೆ ಉಪ್ಪು ಇಳಿಸಿದ ಮೇಲೆ ನಾಲಿಗೆ ಇನ್ನೂ ಚುರುಕಾಯಿತು. ಉಪ್ಪಿನ ಮೂಟೆ ಬೇರೆ ಅಂಗಡಿಯಿಂದ ಬಂದರೂ ಅವನಿಗೆ ಗೊತ್ತಾಗುತ್ತಿತ್ತು.

ಹೀಗೆ ಹನ್ನೊಂದು ವರ್ಷ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಕಿಡ್ನಿ ಸರಿಯಿದೆಯೋ ಇಲ್ಲವೋ ಎಂದು ಹೇಳುವ ಕ್ರಿಯಾಟಿನಿನ್ ಪ್ರತಿಸಲವೂ ಒಂದು ಪಾಯಿಂಟ್ ಎರಡು. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮೇಡಂ ಹೊಸ ರೋಗಿಗಳಿಗೆ ಅವನನ್ನು ತೋರಿಸಿ, "ಇವರನ್ನ ನೋಡಿ ಕಲೀರಿ" ಎನ್ನುತ್ತಿದ್ದರು. ಬೆಳಿಗ್ಗೆ ಬಚ್ಚಲಿಗೆ ಹೋಗಿ ಮೂತ್ರ ಹೊಯ್ಯುವಾಗ ಕೃತಜ್ಞತೆಯಿಂದ ಕಣ್ಣು ಒದ್ದೆಯಾಗುವ ಮನುಷ್ಯರು ಲೋಕದಲ್ಲಿ ಕಡಿಮೆ. ಹದಣ್ಣ ಅಂಥವನು. ಹೊರಗೆ ಬಂದು ಒಂದು ಚೊಂಬು ನೀರು ಕುಡಿದು, ಮುಂದಿನ ಕೋಣೆಯಲ್ಲಿ ಮಿಷನ್ನಿನ ಸದ್ದು ಕೇಳಿದರೆ ಅವನಿಗೆ ಬೆಳಗಾದಂತೆ.

ಈ ಕೃತಜ್ಞತೆಯಲ್ಲಿ ಒಂದೇ ಒಂದು ಐಬಿತ್ತು. ಆಪರೇಷನ್ನಿಗೆ ಮೊದಲು ಅಕ್ಕ ತಮ್ಮ ಹಾವು ಮುಂಗುಸಿಯ ಹಾಗೆ ಕಚ್ಚಾಡುತ್ತಿದ್ದರು. ಸೂಜಿಗೆ ದಾರ ಪೋಣಿಸುವುದರಲ್ಲಿ ಅಕ್ಕನನ್ನು ಮೀರಿಸುವವರಿಲ್ಲ, ಆದರೆ ಒಲೆಯ ಮುಂದೆ ನಿಂತರೆ ಅವಳ ಕೈ ಕೈಯಲ್ಲ. "ಅಕ್ಕನ ಉಪ್ಪು ಲಾಟರಿ ಇದ್ದಂಗೆ, ಒಂದಿನವೂ ಹೊಡೆಯಲ್ಲ" ಎಂದು ತಮ್ಮ ಆಡಿಕೊಳ್ಳುತ್ತಿದ್ದ; ಅವಳು ಸೌಟು ಎತ್ತಿಕೊಂಡು ಬರುತ್ತಿದ್ದಳು. ಆಪರೇಷನ್ ಆದ ದಿನದಿಂದ ಅವನ ಬಾಯಿಗೆ ಬೀಗ ಬಿತ್ತು. ಒಮ್ಮೆ ಅವಳು ಹೊಲಿದ ಶರ್ಟಿನ ಒಂದು ತೋಳು ಉದ್ದವಾಗಿತ್ತು. ಅವನು ಎರಡು ತೋಳನ್ನೂ ಮಡಿಸಿಕೊಂಡು ಮೂರು ವರ್ಷ ಅದನ್ನೇ ಹಾಕಿದ. ದೇಹದ ಒಂದು ಭಾಗವನ್ನೇ ಕಿತ್ತುಕೊಟ್ಟವಳಿಗೆ ತೋಳು ಉದ್ದವಾಯಿತು ಎಂದು ಹೇಳುವುದು ಹೇಗೆ?

"ಇವನಿಗೆ ಕಿಡ್ನಿ ಕೊಟ್ಟೆ, ತಮ್ಮನ್ನ ಕಳ್ಕೊಂಡೆ ನೋಡು. ಏನಂದ್ರೂ ತಲೆ ಆಡಿಸ್ತಾನೆ," ಎಂದು ಅಕ್ಕ ಅವನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳು.

ಹನ್ನೆರಡನೆಯ ವರ್ಷದಲ್ಲಿ ಮಗಳಿಗೆ ಹೆರಿಗೆಯಾಯಿತು. ಹೆಂಡತಿ ಎರಡು ತಿಂಗಳಿಗೆಂದು ಮಗಳ ಮನೆಗೆ ಹೋದಳು. ಹೋಗುವಾಗ ಅಳತೆಯ ಚಮಚ, ಮುಚ್ಚಳ, ಗೋಡೆಗೆ ಅಂಟಿಸಿದ ಪಟ್ಟಿ ಎಲ್ಲವನ್ನೂ ಅಕ್ಕನಿಗೆ ತೋರಿಸಿದಳು. ಮೊದಲ ವಾರ ಅಕ್ಕ ಪಟ್ಟಿ ನೋಡಿಕೊಂಡೇ ಬೇಯಿಸಿದಳು. ತಮ್ಮ ಆ ಸಪ್ಪೆ ಊಟವನ್ನು ಕಣ್ಣು ಮುಚ್ಚಿ ನುಂಗಿ "ಚೆನ್ನಾಗಿದೆ ಅಕ್ಕ" ಎನ್ನುವುದನ್ನು ನೋಡಿ ಅವಳ ಕರುಳು ಚುರುಕ್ ಎಂದಿತು. ನಾನೂರು ಜನಕ್ಕೆ ರುಚಿ ಬಡಿಸುವವನಿಗೆ ಈ ಗತಿಯೇ ಎಂದುಕೊಂಡು ಅಂಗಡಿಗೆ ಹೋದಳು. ಅಂಗಡಿಯವನು ಹೊಸ ಬಗೆಯ ಉಪ್ಪಿನ ಪೊಟ್ಟಣ ತೆಗೆದುಕೊಟ್ಟ.

"ಇದ್ರಲ್ಲಿ ಸೋಡಿಯಂ ಕಮ್ಮಿ. ಬಿ.ಪಿ. ಇರೋರೆಲ್ಲ ಇದನ್ನೇ ಒಯ್ಯೋದು. ಎಷ್ಟು ಹಾಕಿದ್ರೂ ಯೋಚ್ನೆ ಇಲ್ಲ."

ಅಕ್ಕ ಅದನ್ನು ಗುಂಡಿ ಹಾಕಿಡುವ ಹಳೆಯ ಡಬ್ಬಿಗೆ ಸುರಿದು, ಯಾರಿಗೂ ಹೇಳದೆ ಅಡುಗೆಗೆ ಹಾಕತೊಡಗಿದಳು. ನಾದಿನಿಯ ಕೈಯಲ್ಲಿ ಊಟ ರುಚಿಯಾಯಿತು ಎಂದು ತಮ್ಮನ ಹೆಂಡತಿಗೆ ಬಂದ ಮೇಲೆ ತಿಳಿಯಲಿ, ಅಲ್ಲಿಯವರೆಗೆ ಗುಟ್ಟಾಗಿರಲಿ ಎಂಬ ಸಣ್ಣ ಆಸೆ. ತಪ್ಪೇನಿದೆ ಹೇಳಿ, ಐವತ್ತೇಳು ವರ್ಷ ಒಂದು ಹೊಗಳಿಕೆ ಕಾಣದ ಕೈ ಅದು.

ಹದಣ್ಣನಿಗೆ ಮೊದಲ ತುತ್ತಿಗೇ ಗೊತ್ತಾಯಿತು. ಉಪ್ಪಿದೆ, ಆದರೆ ಉಪ್ಪಿನ ಉಪ್ಪಲ್ಲ. ಕೊನೆಯಲ್ಲಿ ನಾಲಿಗೆಯ ಬುಡಕ್ಕೆ ಕಬ್ಬಿಣ ನೆಕ್ಕಿದ ಹಾಗೆ ಒಂದು ಕಹಿ. ತಲೆಯೆತ್ತಿದ. ಎದುರಿಗೆ ಅಕ್ಕ ಸೆರಗಿಗೆ ಕೈ ಒರೆಸುತ್ತ, ಪರೀಕ್ಷೆ ಬರೆದ ಹುಡುಗಿಯ ಹಾಗೆ ನಿಂತಿದ್ದಳು.

"ಹೆಂಗಿದೆ?"

"ಬೊಂಬಾಟ್," ಎಂದ ಹದಣ್ಣ.

ಅಕ್ಕನ ಮುಖ ಅರಳಿತು. ಅವಳು ಇನ್ನೊಂದು ಸೌಟು ಬಡಿಸಿದಳು. ಐದು ವಾರ ಬಡಿಸಿದಳು, ಐದು ವಾರ ಅವನು ಬೊಂಬಾಟ್ ಎಂದ. ನಡುನಡುವೆ ಕೇಳಬೇಕು ಅನ್ನಿಸಿದಾಗೆಲ್ಲ ಅವಳ ಮುಖ ನೋಡಿ ಪ್ರಶ್ನೆಯನ್ನು ಅನ್ನದ ಜೊತೆಗೇ ನುಂಗಿದ.

ಆ ಸಲದ ರಕ್ತ ಪರೀಕ್ಷೆಯ ದಿನ ಮಧ್ಯಾಹ್ನವೇ ಆಸ್ಪತ್ರೆಯಿಂದ ಫೋನ್ ಬಂತು: ಇದ್ದ ಹಾಗೇ ಹೊರಟು ಬನ್ನಿ. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟು ಏರಿತ್ತೆಂದರೆ ಹೃದಯದ ಬಡಿತವೇ ತಪ್ಪಬಹುದಿತ್ತು. ನಾಲ್ಕು ದಿನದಿಂದ ಹಂಡೆ ಎತ್ತುವಾಗ ಕಾಲು ಸೋಲುತ್ತಿತ್ತು, ವಯಸ್ಸಾಯಿತು ಎಂದುಕೊಂಡಿದ್ದ. ಎದೆಗೆ ತಂತಿ ಅಂಟಿಸಿ, ಕೈಗೆ ಸೂಜಿ ಚುಚ್ಚಿ ಮಲಗಿಸಿದರು. ಡಾಕ್ಟರು ಕಾಗದ ನೋಡಿ ಹೇಳಿದರು:

"ಕ್ರಿಯಾಟಿನಿನ್ನೂ ಸ್ವಲ್ಪ ಮೇಲೆ ಹೋಗಿದೆ. ಕಿಡ್ನಿಯೇ ಸೋಲ್ತಾ ಇದೆಯೋ ಏನೋ. ಬೇರೆ ಕಾರಣ ಸಿಗದಿದ್ರೆ ನಾಳೆ ಬಯಾಪ್ಸಿ ಮಾಡೋಣ."

ಪಥ್ಯದ ಮೇಡಂ ಬಂದು ಕುರ್ಚಿ ಎಳೆದುಕೊಂಡು ಕೂತರು. ಹದಣ್ಣ ಪಾಠ ಒಪ್ಪಿಸುವಂತೆ ಒಪ್ಪಿಸಿದ: ಹಣ್ಣು ಇಷ್ಟು, ಬೇಳೆ ಇಷ್ಟು, ಆಲೂಗೆಡ್ಡೆ ಎರಡು ನೀರಲ್ಲಿ ಬೇಯಿಸಿ ಬಸಿದದ್ದು, ಮಾತ್ರೆ ಒಂದೂ ತಪ್ಪಿಲ್ಲ.

"ಹೊಸದಾಗಿ ಏನಾದ್ರೂ? ಪುಡಿ, ಕಷಾಯ, ಯಾರೋ ಹೇಳಿದ್ರು ಅಂತ ಏನಾದ್ರೂ?"

ಹದಣ್ಣನ ನಾಲಿಗೆಯ ಬುಡದಲ್ಲಿ ಆ ಕಹಿ ಎದ್ದು ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಮಾತೊಂದಕ್ಕೆ ಹುಡುಕಿದ. ಸಿಗಲಿಲ್ಲ.

"ಏನೂ ಇಲ್ಲ ಮೇಡಂ. ಮನೆ ಊಟ, ಅಷ್ಟೇ."

ಮೇಡಂ ಬರೆದುಕೊಂಡು ಎದ್ದರು. ಬಾಗಿಲು ತೆರೆದಾಗ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅಕ್ಕ ಕಂಡಳು. ಗಟ್ಟಿಗಿತ್ತಿ, ಆಪರೇಷನ್ ಕೋಣೆಗೂ ನಗುತ್ತ ಹೋದವಳು, ಈಗ ಮುಖಕ್ಕೆ ಸೆರಗೊತ್ತಿಕೊಂಡು ಬಿಕ್ಕುತ್ತಿದ್ದಳು. ಪಕ್ಕದ ನರ್ಸಿಗೆ ಅವಳು ಹೇಳುತ್ತಿದ್ದ ಮಾತು ಅವನ ಮಂಚಕ್ಕೆ ಕೇಳಿಸಿತು.

"ಅವನದ್ದೇನೂ ತಪ್ಪಿಲ್ಲಮ್ಮ. ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ಕೊಂಡಿದ್ದ. ನಾನು ಕೊಟ್ಟಿದ್ದೇ ಸರಿ ಇರಲಿಲ್ವೇನೋ. ವಯಸ್ಸಾದ ಕಿಡ್ನಿ ಕೊಟ್ಟುಬಿಟ್ಟೆ."

ಹದಣ್ಣನ ಎದೆಗೆ ಅಂಟಿಸಿದ್ದ ಯಂತ್ರ ಏನು ತೋರಿಸಿತೋ, ಅವನಿಗಂತೂ ಯಾರೋ ಎದೆಗೆ ಗುದ್ದಿದಂತಾಯಿತು. ಇವಳು ನೋಯಬಾರದು ಎಂದು ಬಾಯಿ ಮುಚ್ಚಿಕೊಂಡರೆ ಇವಳು ನೋಯುತ್ತಿರುವುದು ಅದರಿಂದಲೇ. ಇವಳ ಕಿಡ್ನಿಯ ಮೇಲೇ ಇವಳಿಗೆ ಅನುಮಾನ ಬಂದಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅವನು ಸೂಜಿ ಇದ್ದ ಕೈಯನ್ನೇ ಊರಿ ಎದ್ದು ಕೂತ.

"ಮೇಡಂ, ನಿಲ್ಲಿ! ಅಕ್ಕಾ, ಒಳಗೆ ಬಾ."

ಅಕ್ಕ ಮೂಗು ಒರೆಸಿಕೊಳ್ಳುತ್ತ ಬಂದು ನಿಂತಳು.

"ಅಕ್ಕಾ, ನಿನ್ನ ಅಡುಗೆ ಚೆನ್ನಾಗಿರಲಿಲ್ಲ."

"ಏನೋ?"

"ಐದು ವಾರದಿಂದ ಚೆನ್ನಾಗಿಲ್ಲ. ಕಹಿ. ಅದು ನಾವು ತರೋ ಉಪ್ಪಲ್ಲ. ಏನು ಹಾಕ್ದೆ ಹೇಳು."

ಅಕ್ಕ ಕೈಚೀಲದ ತಳಕ್ಕೆ ಕೈ ಹಾಕಿ, ಇನ್ನೊಂದು ತರಬೇಕೆಂದು ಗುರುತಿಗೆ ಮಡಿಸಿಟ್ಟಿದ್ದ ಖಾಲಿ ಪೊಟ್ಟಣ ತೆಗೆದು ಕೊಟ್ಟಳು. ಮೇಡಂ ಕನ್ನಡಕ ಮೇಲೇರಿಸಿ ಹಿಂಬದಿಯ ಸಣ್ಣಕ್ಷರ ಓದಿ ದೊಡ್ಡ ಉಸಿರು ಬಿಟ್ಟರು.

"ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ತುಂಬಿದ್ದಾರೆ ಅಮ್ಮ. ಬೇರೆ ಎಷ್ಟೋ ಜನಕ್ಕೆ ಇದು ಒಳ್ಳೇದೇ. ಆದ್ರೆ ಇವರು ತಗೊಳ್ಳೋ ಮಾತ್ರೆ ಮೊದಲೇ ಪೊಟ್ಯಾಸಿಯಂನ ಮೈಯಲ್ಲಿ ಹಿಡಿದಿಡುತ್ತೆ. ಇವರಿಗೆ ಇದು ಆಗೋದೇ ಇಲ್ಲ. ಕಿಡ್ನಿ ಕಾಯಿಲೆ ಇರೋರು ಕೇಳಿ ತಗೊಳ್ಳಿ ಅಂತ ಇಲ್ಲೇ ಬರೆದಿದೆ ನೋಡಿ." ಆಮೇಲೆ ಹದಣ್ಣನ ಕಡೆ ತಿರುಗಿದರು. "ಗೊತ್ತಿದ್ದೂ ಸುಮ್ನಿದ್ರಲ್ಲ, ನಿಮ್ಮನ್ನ ತೋರಿಸಿ ಪಾಠ ಹೇಳ್ತಿದ್ದೆ ನಾನು!"

"ಕಿಡ್ನಿ ಕೊಟ್ಟವಳು ಮೇಡಂ. ಅವಳಿಗೆ ಹೆಂಗೆ ಹೇಳ್ಲಿ?" ಎಂದ ಹದಣ್ಣ. ಐವತ್ತು ದಾಟಿದ ಗಂಡಸು ಮಗುವಿನ ಹಾಗೆ ಅತ್ತುಬಿಟ್ಟ.

ಅಕ್ಕ ಅವನ ತಲೆಗೆ ಮೊಟಕಿದಳು. ಹನ್ನೊಂದು ವರ್ಷದ ಬಾಕಿಯೆಲ್ಲ ಸೇರಿಸಿ, ಸದ್ದು ಬರುವ ಹಾಗೆ.

"ಬಾಯಿ ಸತ್ತವನಿಗೆ ಕೊಡಲಿಲ್ಲ ಕಣೋ ನಾನು. ಬಾಯಿಬಡುಕನಿಗೆ ಕೊಟ್ಟಿದ್ದು."

ಎರಡು ದಿನದ ಔಷಧಿಗೆ ಪೊಟ್ಯಾಸಿಯಂ ಇಳಿಯಿತು, ಬಯಾಪ್ಸಿ ಬೇಡವಾಯಿತು. ಮರುವಾರದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಮತ್ತೆ ಒಂದು ಪಾಯಿಂಟ್ ಎರಡು. ಚೀಟಿ ಹಿಡಿದು ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. ಅಕ್ಕನಿಗೆ, ಮೇಡಂಗೆ, ಕೊನೆಗೆ ತನ್ನ ನಾಲಿಗೆಗೂ ಮನಸ್ಸಿನಲ್ಲೇ ಕೈ ಮುಗಿದ. ಈ ಸಲದ ಕೃತಜ್ಞತೆ ಹಗುರವಾಗಿತ್ತು.

ಹೆಂಡತಿ ಬರಲು ಇನ್ನೂ ಒಂದು ವಾರವಿತ್ತು. ಆ ದಿನವೂ ಅಕ್ಕನೇ ಅಡುಗೆ ಮಾಡಿದಳು, ಚಮಚದಲ್ಲಿ ಅಳೆದು, ಹಳೆಯ ಉಪ್ಪೇ ಹಾಕಿ. ತಟ್ಟೆ ಇಟ್ಟು ಎದುರು ನಿಂತಳು. ಹದಣ್ಣ ಒಂದು ತುತ್ತು ಬಾಯಿಗಿಟ್ಟು ಮೂರು ಕ್ಷಣ ಎಣಿಸಿದ.

"ಸಪ್ಪೆ. ಬೇಳೆ ಬೇರೆ ತಳ ಹಿಡಿಸಿದ್ದೀಯ. ಹಿಂಗೆ ಮಾಡಿದ್ರೆ ಡಿಪೋದಲ್ಲಿ ಕಲ್ಲು ಹೊಡೀತಾರೆ ನಿಂಗೆ."

ಅಕ್ಕ ಸೌಟು ಎತ್ತಿದಳು. ಕಣ್ಣು ತುಂಬಿಕೊಂಡೇ ನಗುತ್ತಿದ್ದಳು.

"ಬಾಯಿ ಮುಚ್ಕೊಂಡು ತಿನ್ನು. ಕಿಡ್ನಿ ನಂದು."

ಹದಣ್ಣ ತಟ್ಟೆ ಪೂರ್ತಿ ಮುಗಿಸಿದ. ಮುಗಿಯುವವರೆಗೂ ಬೈಯುತ್ತಲೇ ಇದ್ದ.