ಪೂರಾ ಆರಾಮ್

ಬಾಗಿಲ ಪಕ್ಕ ಮಗಳ ಓಟದ ಬೂಟುಗಳು ಒಂದು ವಾರದಿಂದ ಕದಲದೆ ಕೂತಿದ್ದವು. ದಿನಾ ಬೆಳಗ್ಗೆ ಆ ಜಾಗ ಖಾಲಿ ಇರುವುದನ್ನೇ ನೋಡಿ ರೂಢಿಯಾದ ನನಗೆ ಅವು ಅಲ್ಲಿರುವುದೇ ಒಂದು ಕಿರಿಕಿರಿಯಾಗಿತ್ತು. ಆಕೆಗೆ ಜ್ವರ ಬಿಟ್ಟು ಎರಡು ದಿನವಾಗಿತ್ತು. ನಿನ್ನೆ ಸಂಜೆ ಚಹಾ ಕುಡಿಯುತ್ತ ಕೇಳಿದಳು, "ಅಪ್ಪಾ, ನಾಳಿಗೆ ಓಡ್ಲೇನು? ರೇಸ್ ಹತ್ರ ಬಂತು." ರಾಯಚೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೂವತ್ತರ ಹೆಣ್ಣುಮಗಳು, ಯಾವುದಕ್ಕೂ ನನ್ನ ಅಪ್ಪಣೆ ಕೇಳುವವಳಲ್ಲ. ಕೇಳಿದಳೆಂದರೆ ಒಳಗೆ ಎಲ್ಲೋ ಹೆದರಿಕೆ ಇದೆ ಎಂದೇ ಅರ್ಥ. "ನೋಡೋಣು" ಅಂದೆ. ತಂದೆಯರಿಗೆ ಇದೊಂದು ಮಾತು ಯಾವಾಗಲೂ ಒದಗಿ ಬರುತ್ತದೆ.

ನಾನೂ ಒಂದು ಕಾಲಕ್ಕೆ ದೂರದ ಓಟದವನೇ ಎಂದರೆ ಈಗಿನ ನನ್ನ ಹೊಟ್ಟೆ ನೋಡಿದವರು ನಂಬುವುದಿಲ್ಲ. ನೀವು ನಂಬಬೇಕು, ಬೇರೆ ದಾರಿಯಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಮಾನ್ವಿಯಲ್ಲಿ. ನಾನು ಓದುತ್ತಿದ್ದದ್ದು ರಾಯಚೂರಿನ ಕಾಲೇಜಿನಲ್ಲಿ, ಡಿಗ್ರಿಯ ಕೊನೆಯ ವರ್ಷ. ಆ ವರ್ಷ ಜಿಲ್ಲಾ ತಂಡದಲ್ಲಿ ಜಾಗ ಸಿಕ್ಕರೆ ರಾಜ್ಯಮಟ್ಟದ ಓಟಕ್ಕೆ ಹೋಗಬಹುದಿತ್ತು. ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಪರೀಕ್ಷೆಯಾದ ಮೇಲೆ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕೂಡುವುದೆಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಅಂಗಡಿ ಕೆಟ್ಟದ್ದೇನಲ್ಲ. ಮುಂದೆ ಮೂವತ್ತು ವರ್ಷ ಅದೇ ನನ್ನ ಹೊಟ್ಟೆ ತುಂಬಿಸಿತು. ಆದರೆ ಒಂದೇ ಒಂದು ಸಲ, ಎದೆಯ ಮೇಲೆ ರಾಯಚೂರು ಎಂದು ಬರೆದ ಬನಿಯನ್ ಹಾಕಿಕೊಂಡು ಓಡಬೇಕೆಂಬ ಹುಚ್ಚು ತಲೆಗೆ ಹತ್ತಿತ್ತು.

ನಮ್ಮನ್ನು ಓಡಿಸುತ್ತಿದ್ದವರು ರಹೀಂ ಮಾಸ್ತರು, ರಾಯಚೂರಿನದೇ ಒಂದು ಹೈಸ್ಕೂಲಿನ ಡ್ರಿಲ್ ಮಾಸ್ತರು. ಐವತ್ತರ ಹತ್ತಿರದ ದಪ್ಪ ಮನುಷ್ಯ. ಕೊರಳಲ್ಲಿ ಸೀಟಿ, ಕಾಲಲ್ಲಿ ಚಪ್ಪಲಿ. ನಮ್ಮನ್ನು ಓಡಿಸುತ್ತಿದ್ದರೇ ಹೊರತು ತಾವು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಮೈಲಿ, ಕಿಲೋಮೀಟರು ಅವರಿಗೆ ಒಗ್ಗುತ್ತಿರಲಿಲ್ಲ, ಅವರ ಅಳತೆಯೆಲ್ಲ ಊರುಗಳದ್ದು. ಗುಂಜಹಳ್ಳಿಯ ದಾರಿ ಹಿಡಿದು ಮೊದಲ ಬಾವಿಯವರೆಗೆ ಹೋಗಿ ಬಂದರೆ ಅದು 'ಒಂದು ಗುಂಜಹಳ್ಳಿ'. ಸೋಮವಾರ ಒಂದು ಗುಂಜಹಳ್ಳಿ, ಬುಧವಾರ ಎರಡು. ಭಾನುವಾರ ಮಾತ್ರ ಗಿಲ್ಲೆಸುಗೂರಿನ ರಸ್ತೆಯಲ್ಲಿ ಎದುರಿನಿಂದ ಮೊದಲ ಬಸ್ಸು ಸಿಗುವ ತನಕ ಓಡಿ ಹಿಂದಿರುಗಬೇಕು. ಬಸ್ಸು ತಡವಾದ ದಿನ ನಮ್ಮ ಗತಿ ದೇವರಿಗೇ ಪ್ರೀತಿ. ಮನೆಯಲ್ಲಿ ಅವರದು ದಖನಿ ಉರ್ದು, ನಮ್ಮ ಜೊತೆ ಕನ್ನಡ. ಅವಸರವಾದರೆ ಎರಡೂ ಕಲೆತು ಬಾಯಿಗೆ ಬರುತ್ತಿದ್ದವು.

ಆಯ್ಕೆಯ ಓಟ ದೇವದುರ್ಗದಲ್ಲಿ. ಅದಕ್ಕೆ ಇನ್ನು ಆರು ವಾರ ಎನ್ನುವಾಗ ರಜೆ ಸಿಕ್ಕಿತೆಂದು ಮಾನ್ವಿಗೆ ಹೋದೆ. ಕಾಲುವೆ ನೀರು, ಭತ್ತದ ಗದ್ದೆ, ಸೊಳ್ಳೆ. ಚಳಿಜ್ವರ ಹಿಡಿಯಿತು. ಮೂರು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಒಂದು ವಾರದೊಳಗೆ ಜ್ವರ ಬಿಟ್ಟಿತು. ಡಾಕ್ಟರ ಕಹಿ ಗುಳಿಗೆಗೆ ಬಿಟ್ಟಿತೋ, ಅವ್ವ ದೃಷ್ಟಿ ತೆಗೆದದ್ದಕ್ಕೆ ಬಿಟ್ಟಿತೋ ಎಂಬ ವಾದ ಆಕೆ ಇರುವ ತನಕವೂ ನಮ್ಮ ಮನೆಯಲ್ಲಿ ಇತ್ಯರ್ಥವಾಗಲಿಲ್ಲ.

ಜ್ವರಕ್ಕಿಂತ ಜ್ವರ ಬಿಟ್ಟ ಮೇಲಿನ ದಿನಗಳೇ ಕಷ್ಟ. ಹಾಸಿಗೆಯಲ್ಲಿ ಬಿದ್ದುಕೊಂಡು ತಪ್ಪಿಹೋದ ಗುಂಜಹಳ್ಳಿಗಳನ್ನು ನೆನೆಯುವುದೇ ನನ್ನ ಕೆಲಸವಾಯಿತು. ಬೆಳಗ್ಗೆ ಒಂದು, ಸಂಜೆ ಒಂದು ಓಡಿದರೆ ಬಾಕಿ ತೀರೀತೇ? ಕೌದಿಯೊಳಗೆ ಕೈ ಹಾಕಿ ಮೀನಖಂಡ ಮುಟ್ಟಿ ನೋಡುವೆ, ಕರಗಿಹೋಗಿದೆ ಅನಿಸುವುದು. ಮಣಿಕಟ್ಟು ಹಿಡಿದು ನಾಡಿ ನೋಡುವೆ. ನೋಡುತ್ತಿದ್ದಂತೆ ಅದು ಜೋರಾಗುವುದು. ಅಷ್ಟು ಸಾಲದೆಂಬಂತೆ ನೋಡಲು ಬಂದವರೊಬ್ಬರು, ಜ್ವರ ಬಿಟ್ಟ ಮರುದಿನ ಓಡಿ ಎದೆ ಒಡೆದು ಸತ್ತ ಯಾವನದೋ ಸುದ್ದಿ ಹೇಳಿಹೋದರು. ಕಾಯಿಲೆಯವರನ್ನು ನೋಡಲು ಬರುವವರು ಹಣ್ಣು ತರುವುದನ್ನು ಮರೆತರೂ ಇಂಥದೊಂದು ಸುದ್ದಿಯನ್ನು ಮರೆಯುವುದಿಲ್ಲ. ಓಡಿದರೆ ಸಾಯುತ್ತೇನೆ, ಓಡದಿದ್ದರೆ ತಂಡ ತಪ್ಪುತ್ತದೆ. ಇಪ್ಪತ್ತರ ವಯಸ್ಸಿಗೆ ಇವೆರಡರಲ್ಲಿ ಯಾವುದು ದೊಡ್ಡದು ಎಂದು ನನಗೆ ನಿಜವಾಗಿ ತಿಳಿದಿರಲಿಲ್ಲ.

ಅಷ್ಟರಲ್ಲಿ ಮಾವ ಅಂಗಡಿಗೆ ಅರಿವೆ ತರಲು ರಾಯಚೂರಿಗೆ ಹೊರಟ. "ಮಾಸ್ತರಿಗೆ ಭೆಟ್ಟಿಯಾಗಿ ಕೇಳ್ಕೊಂಡ್ ಬಾ ಮಾವ. ಜ್ವರ ಬಿಟ್ಟಾವ, ಇನ್ನ ಏನ್ ಮಾಡ್ಲಿ ಅಂತ" ಎಂದು ಗಂಟುಬಿದ್ದೆ. ಸಂಜೆ ಬಸ್ಸಿಳಿದು ಬಂದವನು ಗಂಟು ಮೂಟೆ ಇಳಿಸುತ್ತಲೇ ಹೇಳಿದ:

"ಪೂರಾ ಆರಾಮ ಅಂದ್ರಪಾ ನಿನಗ."

"ಮತ್ತೇನಂದ್ರು?"

"ಹುಡುಗರಿಗೆ ಸೀಟಿ ಊದಾಕತ್ತಿದ್ರು. ಅಷ್ಟ ಅಂದ್ರು. ಪೂರಾ ಆರಾಮ."

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೀವು ಬೇರೆ ಕಡೆಯವರಾದರೆ ಒಂದು ಮಾತು: ನಮ್ಮಲ್ಲಿ ಆರಾಮ ಎಂದರೆ ಆರೋಗ್ಯ. ಆರಾಮ ಇಲ್ಲ ಎಂದರೆ ಕಾಯಿಲೆ, ಆರಾಮ ಆಯ್ತು ಎಂದರೆ ಗುಣವಾಯಿತು. ಅಲ್ಲಿಗೆ ಮಾಸ್ತರು ನನ್ನನ್ನು ಪಾಸು ಮಾಡಿದ್ದಾರೆ ಎಂದಾಯಿತು. ಮಾನ್ವಿಯಲ್ಲಿ ಮಲಗಿದವನ ಮೈ ರಾಯಚೂರಿನಲ್ಲಿ ನಿಂತವರಿಗೆ ಹೇಗೆ ತಿಳಿಯಿತು ಎಂದು ಮಾವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬೇಕಾದ ಉತ್ತರವೇ ಬಂದಾಗ ಪ್ರಶ್ನೆ ಯಾರಿಗೆ ಬೇಕು?

ಮರುದಿನ ಕತ್ತಲಿರುವಾಗಲೇ ಎದ್ದು ಪೋತ್ನಾಳದ ರಸ್ತೆ ಹಿಡಿದೆ. ಒಂದಲ್ಲ, ಎರಡು ಗುಂಜಹಳ್ಳಿ ಓಡಿಯೇ ಬಿಡುವುದೆಂದು ಹಟ. ಹೋಗುವಾಗ ಕಾಲು ಹೇಳಿದ ಮಾತು ಕೇಳಿದವು. ತಿರುಗಿದ ಮೇಲೆ ಕಣ್ಣು ಮಂಜಾಯಿತು, ಕಿವಿಯೊಳಗೆ ಗುಂಯ್ ಎಂದಿತು, ಕಾಲುವೆಯ ಏರಿಯ ಮೇಲೆ ಕುಸಿದು ಕೂತೆ. ಎದೆ ಒಡೆದವನ ಸುದ್ದಿ ನೆನಪಾಗಿ ಎರಡೂ ಕೈಯಿಂದ ಎದೆ ಗಟ್ಟಿಯಾಗಿ ಹಿಡಿದುಕೊಂಡೆ, ಕೈ ಬಿಟ್ಟರೆ ಅದು ಒಡೆದೇ ಹೋಗುತ್ತದೆ ಎಂಬ ಹಾಗೆ. ಭತ್ತದ ಹುಲ್ಲು ಹೇರಿಕೊಂಡು ಬರುತ್ತಿದ್ದ ಬಂಡಿಯವರು ಎತ್ತಿ ಹಾಕಿಕೊಂಡು ಮನೆ ಮುಟ್ಟಿಸಿದರು. ಸಂಜೆಗೆ ಜ್ವರ ಮತ್ತೆ ಬಂತು.

ಸುದ್ದಿ ತಿಳಿದು ರಹೀಂ ಮಾಸ್ತರು ಬಸ್ಸು ಹತ್ತಿ ಮಾನ್ವಿಗೇ ಬಂದರು. ಅವ್ವ ನೀರು ಕೊಟ್ಟು, ಬಾಗಿಲ ಮರೆಗೆ ನಿಂತು ಹೇಳಿದಳು:

"ಅವಂಗ ಆರಾಮ ಇಲ್ಲರೀ ಮಾಸ್ತರ್ರ."

"ಅದಕ್ಕ ಅಲ್ಲೇನಮ್ಮಾ ನಾ ಹೇಳಿದ್ದು, ಪೂರಾ ಆರಾಮ್ ಅಂತ. ಮತ್ಯಾಕ ಓಡ್ದ ಇಂವ?"

"ನೀವ ಅಂದ್ರಂತಲ್ರೀ, ಪೂರಾ ಆರಾಮ ಅದಾನ, ಓಡ್ಲಿ ಅಂತ."

ಮಾಸ್ತರು ಮಾವನ ಕಡೆ ನೋಡಿದರು. ಮಾವ ಮೇಲಿನ ತೊಲೆ ನೋಡಿದ. 'ಓಡ್ಲಿ' ಅನ್ನುವುದು ಅವನ ಜೊತೆ ಬಸ್ಸಿನಲ್ಲೂ ಬಂದಿರಲಿಲ್ಲ. ನಮ್ಮ ಮನೆಯೊಳಗೇ ಯಾವಾಗಲೋ ಸೇರಿಕೊಂಡಿತ್ತು. "ಯಾ ಅಲ್ಲಾ" ಎಂದು ಮಾಸ್ತರು ಹಣೆ ಹಿಡಿದುಕೊಂಡರು. "ಸುಮ್ನ ಮಲ್ಕೊಂಡಿರ್ಲಿ ಅಂತ ಹೇಳಿದ್ದು. ನಮ್ಮ ಮಂದಿ ಆರಾಮ್ ಕರೋ ಅಂತಾರಲ್ಲ, ಆ ಆರಾಮ್." ನಮ್ಮ ಆರಾಮ ಅವರಿಗೆ ಗೊತ್ತಿರದೆ ಏನಿಲ್ಲ, ದಿನಾ ಬೆಳಗ್ಗೆ "ಆರಾಮ ಅದೀರೇನ್ರೋ" ಎಂದು ಕೇಳಿಯೇ ಸೀಟಿ ಊದುತ್ತಿದ್ದವರು. ಅವತ್ತು ಮಾತ್ರ ಅವಸರದಲ್ಲಿ ಮನೆಯ ಮಾತು ಹೊರಗೆ ಬಿತ್ತು. ನನಗೆ ನಗುವೂ ಬಂತು, ಅಳುವೂ ಬಂತು. ಜ್ವರದವರು ಅತ್ತರೆ ಯಾರೂ ಏನೂ ಅನ್ನುವುದಿಲ್ಲವಾದ್ದರಿಂದ ಅತ್ತೆ.

ಅವತ್ತು ನನ್ನ ಮಂಚದ ಅಂಚಿನಲ್ಲಿ ಕೂತು ಮಾಸ್ತರು ಹಳೆಯ ಲೆಕ್ಕವನ್ನೆಲ್ಲ ಕಿತ್ತುಹಾಕಿದರು. ಜ್ವರ ಬಿಟ್ಟ ಮೇಲೂ ಎರಡು ದಿನ ಹಾಸಿಗೆ. ಆಮೇಲೆ ಕಾಲುವೆಯ ತನಕ ಬರೀ ನಡಿಗೆ. ಅದು ಸುಲಭವೆನಿಸಿದರೆ ಮಾತ್ರ ಪಾವು ಗುಂಜಹಳ್ಳಿ, ಎಂದರೆ ಒಂದರ ಕಾಲುಭಾಗ.

"ತಪ್ಪಿದ್ದು ಯಾವಾಗ ಓಡ್ಲಿ ಸರ್?"

"ಹೋದವು ಹೋದ್ವು ಬೇಟಾ. ಅವನ್ನ ಹಿಡ್ಯಾಕಂತ ಓಡಬ್ಯಾಡ, ಸಿಗಂಗಿಲ್ಲ. ದಾರ್ಯಾಗ ಯಾರರ ಮಾತಾಡಿಸಿದ್ರ ನಿಂದರದನ ಜವಾಬು ಕೊಡಾಕ ಬರಬೇಕು. ಬರಲಿಲ್ಲಂದ್ರ ನೀ ಜೋರು ಹೊಂಟಿ ಅಂತ ತಿಳ್ಕೋ."

ಮಾನ್ವಿಯಲ್ಲಿ ದಾರಿಯಲ್ಲಿ ಮಾತಾಡಿಸುವವರಿಗೆ ಬರವೇ? ಕಂಡವರೆಲ್ಲ "ಆರಾಮ ಆತೇನಪಾ" ಎನ್ನುವರು, ನಾನು ಓಡುತ್ತಲೇ "ಆಗೇತ್ರಿ" ಎನ್ನುವೆ. ಬಾಯಿ ಹಾಗೆ ಹೇಳುತ್ತಿತ್ತು, ಒಳಗೆ ಮಾತ್ರ ಪ್ರತಿ ಹೆಜ್ಜೆಗೂ ಕಿವಿಗೊಟ್ಟುಕೊಂಡು ಓಡುತ್ತಿದ್ದೆ. ಇದು ಸಾಮಾನ್ಯ ಸುಸ್ತೋ, ಆ ಸುಸ್ತೋ? ಈ ಬೆವರು ಓಟದ್ದೋ, ಜ್ವರದ್ದೋ? ಮೊದಲೆಲ್ಲ ನನ್ನ ಮೈ ಇದೆ ಎನ್ನುವುದೇ ಓಡುವಾಗ ಮರೆತುಹೋಗುತ್ತಿತ್ತು. ಅದು ಹೋಯಿತು.

ದೇವದುರ್ಗದ ಬಸ್ಸಿನಲ್ಲಿ ಮಾಸ್ತರ ಪಕ್ಕ ಕೂತು, "ಓಡ್ಲೇನ್ರಿ ಸರ್, ಬ್ಯಾಡೇನ್ರಿ?" ಎಂದು ಕೇಳಿದೆ. "ನಿನ್ನ ಮೈ ನಿನಗ ಗೊತ್ತು. ನಾ ಒಂದ್ ಮಾತು ಹೇಳಿ ಏನಾತು ನೋಡಿದಿ ಅಲಾ" ಎಂದು ಕಿಟಕಿಯ ಕಡೆ ತಿರುಗಿದರು. ಬೈದಿದ್ದರೆ ವಾಸಿಯಿತ್ತು.

ಮೈದಾನದಿಂದ ಹೊರಟು, ಗಬ್ಬೂರಿನ ರಸ್ತೆಯಲ್ಲಿ ಸುಣ್ಣ ಬಳಿದ ಕಲ್ಲಿನ ಬಳಿ ತಿರುಗಿ, ಏರು ಹತ್ತಿ ಮತ್ತೆ ಮೈದಾನ ಸೇರಬೇಕು. ತಂಡಕ್ಕೆ ಬೇಕಾದವರು ಆರು ಮಂದಿ. ಹೇಳಿದಂತೆ ಮೆಲ್ಲಗೇ ಓಡಿದೆ. ಮುಂದೆ ನುಗ್ಗಿದವರು ಒಬ್ಬೊಬ್ಬರೇ ಬಸವಳಿದು ಹಿಂದುಳಿದರು, ಕಲ್ಲಿನ ಬಳಿ ತಿರುಗುವಾಗ ನಾನು ಆರನೆಯವನಾಗಿದ್ದೆ. ಇನ್ನು ಹೀಗೇ ಹೋದರೆ ಸಾಕು, ಬನಿಯನ್ ನನ್ನದು.

ಏರು ಶುರುವಾಯಿತು. ಆಗ ಬೆನ್ನಿನಲ್ಲಿ ಸಣ್ಣಗೆ ಚಳಿ ಹೊಕ್ಕ ಹಾಗಾಯಿತು. ಸುಡುವ ಬಿಸಿಲಿನಲ್ಲಿ ಚಳಿ ಎಲ್ಲಿಂದ ಬರಬೇಕು? ಕೈ ನೋಡಿಕೊಂಡೆ, ನಡುಗುತ್ತಿತ್ತು. ಹಿಂದೆ ಏಳನೆಯವನ ಹೆಜ್ಜೆ ಸಪ್ಪಳ ಕೇಳುತ್ತಿತ್ತು. ಅದು ಹತ್ತಿರ ಬಂತು, ಪಕ್ಕಕ್ಕೆ ಬಂತು, ಮುಂದೆ ಹೋಯಿತು. ನಾನು ನಡೆಯತೊಡಗಿದ್ದೆ. ಆಮೇಲೆ ಎಷ್ಟು ಜನ ದಾಟಿ ಹೋದರೋ, ನಾನು ತಲೆ ಎತ್ತಿ ನೋಡಲಿಲ್ಲ.

ತಲೆ ಎತ್ತಿದಾಗ ಏರಿನ ಮೇಲಿನಿಂದ ಯಾರೋ ದಪ್ಪ ಮನುಷ್ಯ ನನ್ನ ಕಡೆ ಓಡಿಬರುತ್ತಿದ್ದ. ರಹೀಂ ಮಾಸ್ತರು. ಚಪ್ಪಲಿಗಳು ಕೈಯಲ್ಲಿ, ಎದೆಯ ಮೇಲೆ ಸೀಟಿ ಕುಣಿಯುತ್ತಿತ್ತು, ಮುಖ ಕೆಂಪಾಗಿತ್ತು. ಬಂದವರೇ ನನ್ನ ಕುತ್ತಿಗೆ ಮುಟ್ಟಿ ನೋಡಿದರು. "ಆರಾಮ?" ಎಂದು ಕೇಳಿದರು. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಉಸಿರಿರಲಿಲ್ಲ. ಯಾವ ಆರಾಮ ಎಂದು ನಾನು ಕೇಳಲಿಲ್ಲ, ತಲೆಯಾಡಿಸಿದೆ. ಇಬ್ಬರೂ ನಡೆದುಕೊಂಡೇ ಮೈದಾನ ಸೇರಿದೆವು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಸಂತೋಷದಿಂದ ಹೇಳುತ್ತಿದ್ದೆ. ಆದರೆ ಅಲ್ಲೇ ಮೈದಾನದ ಬದಿಯಲ್ಲಿ ಮಾಸ್ತರು ಯಾರ ಬಳಿಯಿಂದಲೋ ಥರ್ಮಾಮೀಟರು ತಂದು ನನ್ನ ಬಾಯಿಗಿಟ್ಟರು. ಜ್ವರ ಇರಲಿಲ್ಲ. ಸಂಜೆ ನೋಡಿದರು, ಇರಲಿಲ್ಲ. ಮರುದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. "ಛಲೋ ಆತು ಬಿಡು" ಅಂದರು ಮಾಸ್ತರು. ಆ ಏರಿನಲ್ಲಿ ನಡುಗಿದ್ದು ನನ್ನ ಮೈಯೋ, ನನ್ನ ಹೆದರಿಕೆಯೋ? ಹೆದರಿಕೆಯೇ ಆಗಿದ್ದರೆ ಆರನೆಯ ಜಾಗ ನನ್ನದೇ ಇತ್ತು. ಅವರು ಒಂದು ಸಲವೂ ಅದನ್ನು ಆಡಲಿಲ್ಲ. ನಾನು ಮಾತ್ರ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತ ಎಷ್ಟು ಸಲ ಆ ಏರು ಹತ್ತಿದ್ದೇನೋ.

ನಿನ್ನೆ ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಮಗಳಿಗೆ ಹೇಳಿದೆ. 'ಪೂರಾ ಆರಾಮ'ಕ್ಕೆ ನಕ್ಕಳು. ಆಮೇಲೆ ಕೇಳಿದಳು, "ಈಗೂ ಬ್ಯಾಸರ ಅದ ಏನಪ್ಪಾ?"

"ಅದ" ಅಂದೆ. ಬೇರೆ ಏನಾದರೂ ಹೇಳಿದ್ದರೆ ಸುಳ್ಳಾಗುತ್ತಿತ್ತು.

"ಹಂಗಾರ ನಾಳಿಗೆ ನಾ ಏನ್ ಮಾಡ್ಲಿ?"

ಓಡು ಎನ್ನಲು ಭಯ, ಬೇಡ ಎನ್ನಲು ಅದಕ್ಕಿಂತ ಭಯ. ಬಸ್ಸಿನ ಕಿಟಕಿಯ ಕಡೆ ತಿರುಗಿದ ಮಾಸ್ತರು ಬಯಲು ನೋಡುತ್ತಿರಲಿಲ್ಲ, ಇದೇ ಭಯವನ್ನು ನನ್ನಿಂದ ಮರೆಮಾಡುತ್ತಿದ್ದರು ಎಂದು ನನಗೆ ಆಗ ತಿಳಿಯಿತು. "ನಾನೂ ಬರ್ತೀನಿ. ನನ್ನ ನಡಿಗಿಗಿಂತ ಜೋರು ಹೋಗಬ್ಯಾಡ" ಅಂದೆ.

ಹಾಗೆ ಇವತ್ತು ಬೆಳಗ್ಗೆ ಇಬ್ಬರೂ ಹೊರಟೆವು. ನಾನು ಮುಂದೆ ಬಿರಬಿರನೆ ನಡೆಯುತ್ತಿದ್ದೆ, ಆಕೆ ಹಿಂದೆ ಮೆಲ್ಲಗೆ ಓಡುತ್ತಿದ್ದಳು. ಹೆಜ್ಜೆ ಹೆಜ್ಜೆಗೂ ತಿರುಗಿ ನೋಡಬೇಡವೆಂದು ಬೈದಳು, ಅದಕ್ಕೆ ಕಿವಿಯಿಂದಲೇ ಕಾಯುತ್ತ ಹೋದೆ. ಊರು ಮುಗಿದು ಬಯಲು ಶುರುವಾಗುವಲ್ಲಿ ಆಕೆಯ ಹೆಜ್ಜೆ ಸಪ್ಪಳ ನಿಂತಿತು. ತಿರುಗಿದರೆ ಸೊಂಟದ ಮೇಲೆ ಕೈಯಿಟ್ಟು ನಿಂತು ಆರಾಮಾಗಿ ಉಸಿರು ಬಿಡುತ್ತಿದ್ದಾಳೆ.

"ಸಾಕು ಅನಸ್ತದಪ್ಪಾ ಇವತ್ತಿಗೆ. ಈ ಸಲದ ರೇಸ್ ಹೋದ್ರ ಹೋಗ್ಲಿ" ಅಂದಳು. ಅಷ್ಟೇ. ಆ ಮಾತನ್ನು ಅಷ್ಟು ಸಲೀಸಾಗಿ ಹೇಳಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಆಕೆ ಮನೆಯ ಕಡೆ ತಿರುಗಿದಳು.

ಇನ್ನೊಂದು ಸ್ವಲ್ಪ ದೂರ ಹೋಗೋಣು ಅಂದದ್ದು ನಾನು.