ಹೆಲಿಕಾಪ್ಟರ್ ಶೆಡ್ಡನ್ನು ಗುಡಿಸಿದವಳು

ಅಣ್ಣ, ಆ ಹೆಲಿಕಾಪ್ಟರಿನ ವೈರು ಕಡಿದದ್ದು ಇಲಿ. ಆ ಇಲಿಗಳು ಬಂದದ್ದು ನನ್ನಿಂದ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು, ನೆಟ್ಟಗೆ ಬರೆಯಲು ಬಾರದು — ಆದರೂ ಇದನ್ನು ನಾನೇ ಬರೆಯಬೇಕು.

ಹೆಲಿಕಾಪ್ಟರನ್ನು ಬೆಂಗಳೂರಿನಲ್ಲಿ ನಿಲ್ಲಿಸಿದರೆ ದಿನದಿನವೂ ಬಾಡಿಗೆ ಸುರಿಯಬೇಕು. ಸಂಡೂರಿನಲ್ಲಿ ನಿಲ್ಲಿಸಿದರೆ ಅದಿರಿನ ಧೂಳು ಯಂತ್ರದೊಳಗೆ ಹೋಗುತ್ತದೆ. ಅದಕ್ಕೇ ಗಣಿ ಸಾಹುಕಾರ ನಮ್ಮೂರು ಮೆಟ್ರಿಯ ಕಾಲುವೆ ಪಕ್ಕ ತಗಡಿನ ಶೆಡ್ಡು ಹಾಕಿಸಿ ನಿನ್ನನ್ನು ಕಾವಲಿಗಿಟ್ಟ. ಯಾರನ್ನೂ ನಂಬದ ಮನುಷ್ಯ. ಅವನ ಮ್ಯಾನೇಜರ್ ನಿನ್ನ ಬುತ್ತಿಯನ್ನೂ ಬಿಚ್ಚಿಸಿ ನೋಡುತ್ತಿದ್ದ.

ಆ ಸುಗ್ಗಿಯಲ್ಲಿ ಮೋಡ ಕವಿಯಿತು. ನನ್ನ ಭತ್ತ ಕಣದಲ್ಲೇ ಇತ್ತು.

"ಶೆಡ್ಡಿನಾಗ ಇಡ್ಲೇನಣ್ಣ?"

"ಬ್ಯಾಡವ್ವ. ಕಾಳಿದ್ದಲ್ಲಿ ಇಲಿ ಬರ್ತಾವ. ನಾನ ಹೊರಗ ಕುಂತು ಉಣ್ತೀನಿ."

ನೀನು ಕಂಪ್ಲಿ ಸಂತೆಗೆ ಹೋಗುವಾಗ ಕೀಲಿ ನನ್ನ ಕೈಗೆ ಕೊಟ್ಟೆ. ಮ್ಯಾನೇಜರ್ ಬರದೆ ನೀನು ಬೀಗ ತೆಗೆಯುವುದಿಲ್ಲವೆಂದು ನನಗೆ ಗೊತ್ತಿತ್ತು — ಭತ್ತದ ಚೀಲಗಳನ್ನು ನಾನು ಒಳಗೆ ಒಟ್ಟಿದೆ. ಮುಂದಿನ ಸಂತೆಯ ದಿನ ಮತ್ತೆ ಕೀಲಿ ಸಿಕ್ಕು ಹೊರತೆಗೆದಾಗ ಚೀಲಗಳು ತೂತು, ಹೆಲಿಕಾಪ್ಟರಿನ ಕೆಳಗೆಲ್ಲ ಇಲಿ ಹಿಕ್ಕೆ. ಒಂದೂ ಉಳಿಯದಂತೆ ಗುಡಿಸಿ ಕಾಲುವೆಗೆ ಚೆಲ್ಲಿದೆ. ಅದೇ, ಅಣ್ಣ, ನನ್ನ ದೊಡ್ಡ ತಪ್ಪು. ಹಿಕ್ಕೆ ಬಿಟ್ಟಿದ್ದರೆ —

ಎರಡು ದಿನಕ್ಕೆ ಮೆಕ್ಯಾನಿಕ್ ಬಂದು ಮುಚ್ಚಳ ತೆಗೆದ; ಒಳಗೆ ವೈರು ತುಂಡಾಗಿತ್ತು. ಮ್ಯಾನೇಜರ್ ನಿನ್ನ ಕೊರಳಪಟ್ಟಿ ಹಿಡಿದ.

"ಆ ಬ್ಯಾರೆ ಗಣಿಯವ್ರು ಎಷ್ಟು ಕೊಟ್ರಲೇ, ವೈರ್ ಕಡಿಯಾಕ?"

"ಇಲಿ ಕಡದಿರ್ಬೇಕ್ರಿ ಸಾಹೇಬ್ರ."

"ಒಂದ್ ಹಿಕ್ಕಿ ಇಲ್ಲ! ನಿಮ್ಮೂರ ಇಲಿ ಕಸಬರಿಗಿ ತಗೊಂಡ್ ಬರ್ತಾವೇನು?"

ಸುತ್ತಲಿದ್ದವರು ನಕ್ಕರು. ಪೊಲೀಸ್ ಜೀಪು ಹತ್ತುವ ಮುಂಚೆ ನೀನು ಮೆಲ್ಲಗೆ ಕೇಳಿದೆ, "ನೀನೇನರ ಒಳಗ ಇಟ್ಟಿದ್ದೇನವ್ವ?"

"ಇಲ್ಲಣ್ಣ."

ಮೂರು ದಿನಕ್ಕೆ ನೀನು ಠಾಣೆಯಿಂದ ಕುಂಟುತ್ತ ಬಂದೆ. ಆಮೇಲೆ ಯಾರೂ ನಿನಗೆ ಕಾವಲು ಕೆಲಸ ಕೊಡಲಿಲ್ಲ. ನಾನೋ — ನೀನು ಉಣ್ಣುತ್ತಾ ಕೈ ನಿಲ್ಲಿಸಿದರೆ, ಇವನಿಗೆ ಗೊತ್ತಾಗಿದೆಯೇ ಎಂದು ನಿನ್ನನ್ನೇ ಅನುಮಾನದಿಂದ ನೋಡುತ್ತಿದ್ದೆ.

ಮೊನ್ನೆ ಯಾರದೋ ಪಂಪ್‌ಸೆಟ್ಟಿನ ಕೇಬಲ್ ಕಳುವಾಯಿತು. ಜನ ಮೊದಲು ನಿನ್ನ ಬಾಗಿಲಿಗೇ ಬಂದರು. ಅವರು ಕೇಳುವ ಮುಂಚೆಯೇ ನೀನು ಪಕ್ಕಕ್ಕೆ ಸರಿದು, "ಒಳಗ ಬಂದು ನೋಡ್ರಿ" ಎಂದೆ. ಸಿಟ್ಟೂ ಇರಲಿಲ್ಲ ದನಿಯಲ್ಲಿ. ಅದನ್ನು ಕೇಳಿ ನನಗೆ —

ನಾಳೆ ಆ ಜನರ ಮುಂದೆಯೇ ಇದನ್ನು ಓದುತ್ತೇನೆ. ನೀನೂ ಅಲ್ಲೇ ಇರಬೇಕು. ಓದಿದ ಮೇಲೆ ನೀನು ನನ್ನನ್ನು ತಂಗಿ ಎನ್ನದಿದ್ದರೆ, ಯಾಕೆ ಎಂದು ಕೇಳುವುದಿಲ್ಲ.