ಮೆರವಣಿಗೆಯ ಮುಂದೆ ಮೈಲಮ್ಮ

ಸಂಕ್ರಾಂತಿ ರಜೆ ಬಂತೆಂದರೆ ನಮ್ಮ ಮಕ್ತಲ್‌ನಲ್ಲಿ ಎಳ್ಳು ಬೆಲ್ಲಕ್ಕಿಂತ ಫುಟ್‌ಬಾಲಿನ ಮಾತೇ ಹೆಚ್ಚು. ಪ್ರತಿ ವರ್ಷ ಗದ್ವಾಲ್ ಕಾಲೇಜಿನ ತಂಡ ನಮ್ಮ ಕಾಲೇಜಿನ ವಿರುದ್ಧ ಆಡಲು ಬರುತ್ತದೆ. ಆಟಕ್ಕೆ ಮೊದಲು ಬಸ್ ಸ್ಟ್ಯಾಂಡಿನಿಂದ ಮೈದಾನದವರೆಗೆ ಎರಡೂ ತಂಡಗಳ ಮೆರವಣಿಗೆ. ಹಿಂದಿನ ವರ್ಷ ಗೆದ್ದವರು ಮುಂದೆ, ಸೋತವರು ಹಿಂದೆ. ಮುಂದಿನವರ ಡೊಳ್ಳು ದಾರಿಯಲ್ಲಿ ನಿಂತರೆ ಮಾತ್ರ ಹಿಂದಿನವರು ಮುಂದೆ ಬರಬಹುದು. ಆಟ ಸೋತರೂ ಸಹಿಸಿಕೊಂಡೇವು, ಆ ಅವಮಾನ ಸಹಿಸುವ ಊರು ನಮ್ಮದಲ್ಲ.

ಹದಿನೆಂಟು ವರ್ಷ ನಮ್ಮ ಡೊಳ್ಳು ಬಾರಿಸಿದವನು ಕುರಿ ಕಾಯುವ ಕಿಷ್ಟಪ್ಪ. ಹೋದ ವರ್ಷ ಗೆದ್ದು ಈ ಸಲ ನಾವು ಮುಂದೆ. ಆದರೆ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಟಗರು ಗುದ್ದಿ ಅವನ ಬಲಗೈ ಮುರಿಯಿತು.

"ನಾ ಬಾರಸ್ತೀನಿ" ಎಂದಳು ಹೆಂಡತಿ ಮೈಲಮ್ಮ. ಡೊಳ್ಳಿನ ಹಗ್ಗ ಬಿಗಿಯುವುದು, ಬಿಸಿಲಿಗಿಟ್ಟು ಕಾಯಿಸುವುದು ಎಲ್ಲ ಅವಳದೇ ಕೆಲಸ. ಗಂಡ ತಾಳ ತಪ್ಪಿದರೆ ಒಲೆಯ ಮುಂದಿನಿಂದಲೇ ಬೈಯುತ್ತಿದ್ದಳು.

ಬೀರಪ್ಪನ ಗುಡಿಯ ಹಿರಿಯ ಅಯ್ಯಣ್ಣ ಕೆಂಡವಾದ. "ದೇವರ ಡೊಳ್ಳು ಹೆಣ್ಮಕ್ಕಳು ಹೆಗಲಿಗಿ ಹಾಕಂಗಿಲ್ಲವ್ವ. ಮೊದಲಿಂದ ಇದೇ ಪದ್ಧತಿ."

"ಬಿಗಿಯಾಕ ನಾ ಬೇಕು, ಬಡಿಯಾಕ ಬ್ಯಾಡೇನ್ರೀ ಮಾವಾ? ಬೀರಪ್ಪಗ ಸಿಟ್ಟು ಬಂದ್ರ ನನ್ ಮ್ಯಾಲ ಬರ್ಲಿ. ನೀವ್ಯಾಕ ನಡುವ ಬರ್ತೀರಿ?"

ಬಾರಿಸಬಲ್ಲ ಉಳಿದ ಗಂಡಸರೆಲ್ಲ ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಗೆ ಹೋಗಿದ್ದರು. ಅಯ್ಯಣ್ಣ ಗೊಣಗುತ್ತಲೇ ಒಪ್ಪಿದ. ಆದರೆ ತಪ್ಪು ನಡೆಯುವುದನ್ನು ಕಣ್ಣಾರೆ ನೋಡಬೇಕೆಂದು ಮೆರವಣಿಗೆಯಲ್ಲಿ ಅವಳ ಪಕ್ಕದಲ್ಲೇ ನಡೆದ. ಅಂಥ ಜನ ಎಲ್ಲ ಊರಲ್ಲೂ ಇರುತ್ತಾರೆ.

ಮೈಲಮ್ಮ ಹಣೆಗೆ ಭಂಡಾರ ಬಳಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಏಟು ಬಿಗಿಯಾಗಿ ಬೀಳುತ್ತಿತ್ತು. ಅರ್ಧ ದಾರಿಯಲ್ಲಿ ಹೆಗಲಪಟ್ಟಿ ಫಟ್ಟೆಂದು ಹರಿದು ಡೊಳ್ಳು ಅವಳ ಮೊಣಕಾಲ ಮೇಲೆ ಜಾರಿತು. ಹಿಂದಿದ್ದ ಗದ್ವಾಲ್ ಹುಡುಗರು ಡೊಳ್ಳು ನಿಂತಿತೆಂದು ತೆಲುಗಿನಲ್ಲಿ "ಆಗಿಂದಿ, ಆಗಿಂದಿ!" ಎಂದು ಕೂಗುತ್ತ ಮುಂದೆ ನುಗ್ಗಿದರು. ಆದರೆ ಡೊಳ್ಳು ನಿಂತಿರಲಿಲ್ಲ. ಎಡಗೈಯಲ್ಲಿ ಡೊಳ್ಳನ್ನು ಒತ್ತಿ ಹಿಡಿದು, ಕುಂಟುತ್ತ, ಬಲಗೈಯಲ್ಲಿ ಬಡಿಯುತ್ತಲೇ ಇದ್ದಳು.

"ಹಿಡೀರಿ ಮಾವಾ!"

ಅಯ್ಯಣ್ಣ ಡೊಳ್ಳು ನೋಡಿದ, ಗದ್ವಾಲ್ ಹುಡುಗರ ನಗು ನೋಡಿದ. ಮರುಕ್ಷಣವೇ ಡೊಳ್ಳನ್ನು ಹೊಟ್ಟೆಗೆ ಅವಚಿಕೊಂಡು ಅವಳ ಎದುರು ಹಿಮ್ಮುಖವಾಗಿ ನಡೆಯತೊಡಗಿದ. ಮೈಲಮ್ಮ ಈಗ ಎರಡೂ ಕೈಯಲ್ಲಿ ಬಾರಿಸಿದಳು. ನಮ್ಮ ಹುಡುಗರು ಕುಣಿದರು, ನಾನೂ ಕುಣಿದೆ.

ಮೈದಾನ ಕಾಣುವ ಹೊತ್ತಿಗೆ ಅಯ್ಯಣ್ಣನ ರುಮಾಲು ಬಿಚ್ಚಿ ಕೊರಳಿಗೆ ಬಿದ್ದಿತ್ತು. "ಸಾಕ್ ನಿಲ್ಸವ್ವ, ಬಂತಲ್ಲ" ಎಂದು ಏದುಸಿರು ಬಿಟ್ಟ.

"ಗೇಟಿಗಿ ಇನ್ನಾ ಹತ್ತು ಹೆಜ್ಜಿ ಐತಿ ಮಾವಾ. ನೆಟ್ಟಗ ಹಿಡೀರಿ."

ಅಯ್ಯಣ್ಣ ನೆಟ್ಟಗೆ ಹಿಡಿದ.